ಶಲ್ಯ ತೆಗೆಯದೆ ಕ್ಷಮೆಯೆಲ್ಲಿ?

ದಶಲಕ್ಷಣ ಪರ್ವದ ಮೊದಲ ದಿನ ನಾವು ಉತ್ತಮ ಕ್ಷಮೆಯನ್ನು ಆರಾಧಿಸುತ್ತೇವೆ. ಪರ್ವ ಮುಗಿದ ಮೇಲೆ ಕ್ಷಮಾವಾಣಿಯಂದು ಹಿರಿಯರು ಕಿರಿಯರೆನ್ನದೆ ಪರಸ್ಪರ ಕ್ಷಮೆ ಬೇಡುತ್ತೇವೆ. ಆದರೆ ಬಾಲ್ಯದಲ್ಲಿ ಮನೆಯವರಿಂದಲೇ ಏಟು, ನಿಂದೆ, ಬಾಯಿಬಿಟ್ಟು ಹೇಳಲಾಗದ ಹಿಂಸೆಯನ್ನು ಉಂಡವರು ನಡುವಯಸ್ಸಿನಲ್ಲಿ ಮನೋಚಿಕಿತ್ಸಕರ ಮುಂದೆ ಅದನ್ನು ತೋಡಿಕೊಂಡರೆ, 'ಹೆತ್ತವರನ್ನು ದೂರುವುದೇ? ಕ್ಷಮಿಸಿ ಮರೆತುಬಿಡು' ಎನ್ನುವವರು ನಮ್ಮಲ್ಲಿ ಇಲ್ಲದಿಲ್ಲ. ಈ ಮಾತು ಧರ್ಮಸಮ್ಮತವೇ?

ಮರೆತೆನೆಂದರೆ ಅಳಿಯುವ ನೋವಲ್ಲ ಇದು. 1980ರ ದಶಕದಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ನಗರದಲ್ಲಿ ಸ್ಥೂಲಕಾಯದವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ವಿನ್ಸೆಂಟ್ ಫೆಲಿಟಿ, ತೂಕ ಇಳಿಯುತ್ತಿದ್ದವರೇ ಚಿಕಿತ್ಸೆಯನ್ನು ಬಿಟ್ಟುಹೋಗುವುದನ್ನು ಕಂಡರು. ವಿಚಾರಿಸಲಾಗಿ, ಅವರಲ್ಲಿ ಅನೇಕರು ಬಾಲ್ಯದಲ್ಲಿ ದೌರ್ಜನ್ಯಕ್ಕೆ ಗುರಿಯಾದವರೆಂದು ತಿಳಿಯಿತು. ರಾಬರ್ಟ್ ಆಂಡಾ ಮೊದಲಾದವರೊಡನೆ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನವು, ಬಾಲ್ಯದ ಕಷ್ಟಗಳು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಮದ್ಯವ್ಯಸನ, ಹೃದ್ರೋಗಗಳೂ ಹೆಚ್ಚೆಂದು ತೋರಿಸಿತು. ಇದು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 2007ರಲ್ಲಿ ನಮ್ಮ ಕೇಂದ್ರ ಸರ್ಕಾರ ಪ್ರಕಟಿಸಿದ ವರದಿಗಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದಾಗ, ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಯನ್ನು ಹೇಳಿಕೊಂಡಿದ್ದರು.

ವ್ರತಿಯಾದವನು ಶಲ್ಯರಹಿತನಾಗಿರಬೇಕೆಂಬುದು ತತ್ತ್ವಾರ್ಥಸೂತ್ರದ ಮತ. ಅಲ್ಲಿ ಹೇಳಿದ ಶಲ್ಯಗಳು ಮಾಯೆ, ಮಿಥ್ಯಾತ್ವ, ನಿದಾನಗಳು. ಆದರೂ ಆ ಉಪಮೆ ಇಲ್ಲಿಗೂ ಒಪ್ಪುತ್ತದೆ. ಮುಳ್ಳು ಒಳಗಿರುವಾಗ ಮೇಲೆ ಚರ್ಮ ಕೂಡಿದರೆ ಗಾಯ ಮಾಯ್ದಂತಲ್ಲ, ಒಳಗೆ ಕೀವು ಕಟ್ಟುತ್ತದೆ. ಭಯದಿಂದ ಸುಮ್ಮನಿರುವುದನ್ನು ಕ್ಷಮೆಯೆಂದು ಕರೆಯುವುದೂ ಹಾಗೆಯೇ. ಮನೋವೈದ್ಯೆ ಜೂಡಿತ್ ಹರ್ಮನ್ 1992ರ ತಮ್ಮ ಗ್ರಂಥದಲ್ಲಿ ಚೇತರಿಕೆಯ ಮೂರು ಹಂತಗಳನ್ನು ಗುರುತಿಸಿದರು: ಮೊದಲು ಅಭಯ, ಬಳಿಕ ನೆನೆದು ಶೋಕಿಸುವುದು, ಕೊನೆಗೆ ಬಾಳಿನೊಡನೆ ಮತ್ತೆ ಬೆಸೆದುಕೊಳ್ಳುವುದು. ಅಭಯವಿಲ್ಲದೆ ನೆನಪನ್ನು ಕೆದಕಬಾರದು. ಶೋಕಿಸುವ ಮುನ್ನ ಕ್ಷಮಿಸೆಂದು ಒತ್ತಾಯಿಸಬಾರದು.

ಇದನ್ನು ಆಲೋಚನೆಗೆ ಹೋಲಿಸುವವರುಂಟು. ಹೋಲಿಕೆ ಅರ್ಧ ಮಾತ್ರ ನಿಜ. ಆಲೋಚನೆಯಲ್ಲಿ ಶಿಷ್ಯನು ತನ್ನ ದೋಷವನ್ನು ಗುರುವಿಗೆ ನಿವೇದಿಸುತ್ತಾನೆ. ನೊಂದು ಬೆಳೆದವರಾದರೋ ಎಷ್ಟೋ ವೇಳೆ ದೋಷ ತಮ್ಮದೇ ಎಂದು ಎಳವೆಯಿಂದ ನಂಬಿರುತ್ತಾರೆ. ಅದು ತಮ್ಮದಲ್ಲವೆಂದು ಅರಿಯುವುದೇ ಅವರ ಬಿಡುಗಡೆ. 'ಪೂರ್ವಕರ್ಮ' ಎಂದು ಅವರ ಬಾಯಿ ಮುಚ್ಚಿಸುವುದು ಕರ್ಮಸಿದ್ಧಾಂತಕ್ಕೂ ಅಪಚಾರ. ಉದಯಕ್ಕೆ ಬಂದ ಕರ್ಮ ಯಾರದೇ ಆಗಿರಲಿ, ಹಿಂಸಿಸಿದವನಿಗೆ ಹಿಂಸೆಯ ಬಂಧ ತಪ್ಪದು.

ಹಾಗಾದರೆ ಕ್ಷಮೆ ಬೇಡವೇ? ಬೇಕು. ಆದರೆ ಅದು ನೊಂದವರು ತೆರಬೇಕಾದ ಸಾಲವಲ್ಲ, ಮಾಗಿದಾಗ ತಾನೇ ಕಳಚುವ ಹಣ್ಣು. ಕಳಚದಿದ್ದರೂ ಅವರು ಅಧರ್ಮಿಗಳಲ್ಲ. ವೈರವನ್ನು ಮುಂದುವರಿಸದಿರುವುದೂ, ತಮಗಾದುದನ್ನು ತಮ್ಮ ಮಕ್ಕಳಿಗೆ ದಾಟಿಸದಿರುವುದೂ ಅಹಿಂಸೆಯೇ.

ನಮ್ಮ ಬಸದಿಗಳ ಸೂಚನಾಫಲಕದಲ್ಲಿ ಪೂಜಾವೇಳೆಯ ಪಕ್ಕದಲ್ಲಿಯೇ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನೂ ಬರೆಸೋಣ. ಮುಂದಿನ ಕ್ಷಮಾವಾಣಿಯಂದು ಕಿರಿಯರು ಬಾಗುವ ಮೊದಲೇ ಹಿರಿಯರು ಕೈಮುಗಿದು, 'ಮಗು, ನಿನ್ನನ್ನು ನೋಯಿಸಿದ್ದೇನೆ' ಎನ್ನಲಿ. ಅಂದು ಆ ಮಾತು ಆಚಾರವಾಗಿ ಉಳಿಯದೆ ಧರ್ಮವಾಗುತ್ತದೆ.