ದಾಳವಿಲ್ಲದ ಆಟದಲ್ಲಿ ವಿಧಿ

ಪಗಡೆಯಲ್ಲಿ ಸೋತ ಧರ್ಮರಾಯ ದಾಳವನ್ನು ದೂರಬಹುದಿತ್ತು. ಚೆಸ್‌ನಲ್ಲಿ ದಾಳವೇ ಇಲ್ಲ. ಯಾವ ಊರಿನವನಾಗಲಿ, ಸೋತವನು ಹಣೆಬರಹ ಎಂದರೆ ಒಪ್ಪುವುದು ಹೇಗೆ?

ಗೀತೆಯ ಕರ್ಮಯೋಗ ಇಲ್ಲಿ ಸಲೀಸಾಗಿ ಹೊಂದುತ್ತದೆ: ಅಭ್ಯಾಸ ಕರ್ಮ, ರೇಟಿಂಗ್ ಫಲ. ಮಧ್ಯಮ ಮಟ್ಟದ ಆಟಗಾರ ಸೋತ ಆಟದ ನಡೆಗಳನ್ನು ಬರೆದಿಟ್ಟು, ಕಂಪ್ಯೂಟರ್‌ಗೆ ತೋರಿಸುವ ಮೊದಲು ಎಡವಿದ್ದೆಲ್ಲಿ ಎಂದು ತಾನೇ ಹುಡುಕಬೇಕು. ಏಳನೇ ಸಾಲಿನ ಕಾಲಾಳಿಗೆ ಸ್ವಂತ ರಾಜನೇ ಅಡ್ಡ ನಿಂತಾಗ, ಆನೆಯನ್ನು ನಾಲ್ಕನೇ ಸಾಲಿಗೆ ತಂದು ಚೆಕ್‌ಗಳನ್ನು ತಡೆಯುವ ‘ಲುಸೆನಾ’ ವಿಧಾನ ಕೈಗೆ ರೂಢಿಯಾಗಬೇಕು. ಬೇಸರದ ಕೆಲಸ, ನಿಜ.

ಫಲದ ಹಂಗಿಲ್ಲದ ಆಟವೂ ಉಂಟು: ಚೆಸ್ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಲೆಕ್ಕದಲ್ಲಿ ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರ್ ಮುಳುಗಿದ್ದರು. ಅದರಲ್ಲಿ ಸೋಲಿಸಲು ಎದುರಾಳಿಯೇ ಇಲ್ಲ.

ಇನ್ನು ಫಲ ತಡವಾಗಿಯೂ ಬರಬಹುದು: ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದಾಗ ಅವರಿಗೆ ಮೂವತ್ತು ದಾಟಿತ್ತು.