ಅರ್ಧ ಹೇಳಿದ ತಪ್ಪು

ತಪ್ಪು ಮಾಡಿದವನು ಅದರಲ್ಲಿ ಅರ್ಧವನ್ನಷ್ಟೇ ತಿಳಿಸಿ ಕ್ಷಮೆ ಪಡೆದರೆ, ಉಳಿದರ್ಧಕ್ಕೂ ಆ ಕ್ಷಮೆ ಸಲ್ಲುತ್ತದೆಯೇ? 'ಹಿಂಟರ್‌ಟ್ರೆಪ್ಪೆ' ನೋಡಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಿಂಬದಿಯ ಮೆಟ್ಟಿಲು ಎಂದು ಅದರ ಅರ್ಥ. 1921ರ ಜರ್ಮನ್ ಮೂಕಿಚಿತ್ರ; ಲಿಯೊಪೋಲ್ಡ್ ಯೆಸ್ನರ್ ಮತ್ತು ಪಾಲ್ ಲೇನಿ ಸೇರಿ ಮಾಡಿದ್ದು. ಕಥೆ ಬರೆದ ಕಾರ್ಲ್ ಮಾಯರ್ 'ಡಾಕ್ಟರ್ ಕ್ಯಾಲಿಗರಿ'ಯ ಇಬ್ಬರು ಲೇಖಕರಲ್ಲೊಬ್ಬ. ಆ ಚಿತ್ರವನ್ನು ಸಿನಿಮಾ ಬಲ್ಲವರೆಲ್ಲ ಬಲ್ಲರು. ಇದರ ಹೆಸರು ಕೇಳಿದವರು ಕಡಿಮೆ.

ಗಡಿಯಾರದ ಗಂಟೆಗೆ ಎದ್ದು, ದಿನವಿಡೀ ಒಡೆಯರ ಮನೆಯ ಚಾಕರಿ ಮಾಡುವ ಹೆಣ್ಣೊಬ್ಬಳ ಕಥೆ ಇದು. ಆ ಕಾಲದ ಜರ್ಮನಿಯ ಅತಿ ಜನಪ್ರಿಯ ನಟಿ ಹೆನ್ನಿ ಪೋರ್ಟನ್ ಈ ಪಾತ್ರ ವಹಿಸಿದ್ದಾಳೆ. ಪಾತ್ರಕ್ಕೆ ಹೆಸರೇ ಇಲ್ಲ, ಬರಿಯ ಮನೆಗೆಲಸದವಳು. ಅವಳ ಪ್ರಿಯಕರ ಒಂದು ದಿನ ಬರುವುದು ನಿಲ್ಲಿಸುತ್ತಾನೆ. ಕಾಗದವೂ ಇಲ್ಲ. ಅದೇ ವಠಾರದ ನೆಲಮಾಳಿಗೆಯಲ್ಲಿ ವಾಸಿಸುವ ಅಂಚೆಯವನು ಅಂಗವಿಕಲ, ಒಂಟಿ. ಅವಳನ್ನು ಮೌನವಾಗಿ ಪ್ರೀತಿಸುವವನು. ಕಾಗದಗಳನ್ನು ಮುಚ್ಚಿಟ್ಟವನು ಅವನೇ. ಅವಳ ಸಂಕಟ ನೋಡಲಾರದೆ ಪ್ರಿಯಕರನ ಹೆಸರಿನಲ್ಲಿ ತಾನೇ ಒಂದು ಕಾಗದ ಬರೆದು ತಂದುಕೊಡುತ್ತಾನೆ. ಹಿಗ್ಗಿದ ಅವಳು ಕೃತಜ್ಞತೆ ಹೇಳಲೆಂದು ಅವನ ಕೋಣೆಗೆ ಹೋದರೆ, ಅಲ್ಲಿ ಅವನು ಇನ್ನೊಂದು ಕಾಗದ ಬರೆಯುತ್ತ ಕೂತಿದ್ದಾನೆ.

ಅವಳಿಗೆ ಎಲ್ಲ ತಿಳಿದಂತಾಗುತ್ತದೆ. ತನಗಾಗಿ ಇಷ್ಟು ಮಾಡಿದನಲ್ಲ ಎಂದು ಮನಸ್ಸು ಕರಗುತ್ತದೆ. ಮೊದಲ ಸಲ ನೋಡಿದಾಗ ನಾನೂ ಕರಗಿದ್ದೆ. ಫ್ರಿಟ್ಸ್ ಕೋರ್ಟ್ನರ್‌ನ ಅಭಿನಯ ಅಂಥದು. ಎರಡನೆಯ ಸಲ ನೋಡುವಾಗ ಕಂಡದ್ದು ಬೇರೆ. ಅವಳು ಕ್ಷಮಿಸಿದ್ದು ಸುಳ್ಳು ಕಾಗದವನ್ನು. ನಿಜವಾದ ಕಾಗದಗಳ ಸುದ್ದಿ ಅವಳಿಗೆ ಗೊತ್ತೇ ಇಲ್ಲ. ಪ್ರಿಯಕರ ತನ್ನನ್ನು ಮರೆತನೆಂದು ನಂಬಿಯೇ ಅವಳು ಇವನತ್ತ ಹೊರಳಿದ್ದು. ಆ ಕ್ಷಣದಲ್ಲಿ ಅವನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕಾಗದ ಕದ್ದದ್ದಕ್ಕಿಂತ ಈ ಮೌನವೇ ನನಗೆ ದೊಡ್ಡ ಕಳ್ಳತನವಾಗಿ ಕಾಣುತ್ತದೆ. ಪ್ರೀತಿಯಿಂದ ಮಾಡಿದ ಎನ್ನಬಹುದು, ಪ್ರೀತಿಯೇನೋ ನಿಜವೇ. ಆದರೆ ಅವಳು ಯಾರನ್ನು ಒಪ್ಪಬೇಕೆಂಬ ತೀರ್ಮಾನವನ್ನು ಅವಳಿಗೆ ಗೊತ್ತಾಗದಂತೆ ಅವನೇ ಮಾಡಿ ಮುಗಿಸಿದ್ದ.

1918ರ ನವೆಂಬರ್ 12ರ ಘೋಷಣೆ ಜರ್ಮನಿಯಲ್ಲಿ ಹೆಂಗಸರಿಗೆ ಮತದ ಹಕ್ಕು ಕೊಟ್ಟಿತು. ಮನೆಯಾಳುಗಳನ್ನು ಒಡೆಯರಿಗೆ ಕಟ್ಟಿಹಾಕಿದ್ದ ಹಳೆಯ ಕಾನೂನುಗಳನ್ನೂ ಅದೇ ದಿನ ರದ್ದು ಮಾಡಿತು. ಕಾಗದದ ಮೇಲೆ ಈ ಹೆಣ್ಣು ಸ್ವತಂತ್ರಳು. ಆದರೆ ಹೊರಗಿನ ಲೋಕ ಅವಳನ್ನು ತಲುಪಬೇಕಾದರೆ ಒಬ್ಬ ಗಂಡಸಿನ ಚೀಲದ ಮೂಲಕವೇ ಬರಬೇಕು.

ಪ್ರಿಯಕರ ಹಿಂದಿರುಗುತ್ತಾನೆ. ಜಗಳದಲ್ಲಿ ಅಂಚೆಯವನು ಕೊಡಲಿ ಎತ್ತುತ್ತಾನೆ. ಕೊಲೆಯನ್ನು ಮಾಡದ ಅವಳನ್ನೇ ಒಡೆಯರು ಕೆಲಸದಿಂದ ಬಿಡಿಸುತ್ತಾರೆ. ಇನ್ನೆಲ್ಲಿಗೂ ಹೋಗಲು ದಾರಿಯಿಲ್ಲದೆ ಅವಳು ಮೆಟ್ಟಿಲು ಹತ್ತಿ ಮನೆಯ ಮಾಡಿನ ಮೇಲೆ ಹೋಗಿ, ಅಲ್ಲಿಂದ ಅಂಗಳಕ್ಕೆ ಹಾರುತ್ತಾಳೆ.