ದಾಕ್ಷಿಣ್ಯದ ಬೆಲೆ

ಆನ್‌ಲೈನ್ ಹರಾಜಿನಲ್ಲಿ ಯಾರೋ ದುಡ್ಡು ಕಳ್ಕೊಂಡರು ಅಂತ ಕೇಳಿದ ತಕ್ಷಣ ನಮ್ಮ ಬಾಯಿಂದ ಬರೋ ಮೊದಲ ಮಾತು, 'ದುರಾಸೆ ಕಣಪ್ಪಾ.' ನಲವತ್ತು ಸಾವಿರದ ಕ್ಯಾಮೆರಾ ಹದಿನೈದಕ್ಕೆ ಕೊಡ್ತೀನಿ ಅಂದ್ರೆ ಯಾರಾದ್ರೂ ನಂಬ್ತಾರಾ? ಹೀಗಂದುಬಿಟ್ಟರೆ ನಮಗೂ ಒಂಥರಾ ಸಮಾಧಾನ. ನಾವು ದುರಾಸೆಯವರಲ್ಲ, ಹಾಗಾಗಿ ನಮಗೆ ಹೀಗಾಗಲ್ಲ ಅನ್ನೋ ಸಮಾಧಾನ.

ಆದರೆ ಹೀಗೆ ಮೋಸ ಹೋದವರಲ್ಲಿ ನನಗೆ ಗೊತ್ತಿರುವ ಹೆಚ್ಚಿನವರು ಆಸೆಬುರುಕರಲ್ಲ, ಸಂಕೋಚದ ಜನ. 'ವಸ್ತು ನೋಡಿ ಆಮೇಲೆ ದುಡ್ಡು ಕೊಡ್ತೀನಿ' ಅಂತ ಅವರೂ ಕೇಳಿದ್ದರು. ಆ ಕಡೆಯವನು 'ಯಾಕೆ ಸಾರ್, ನನ್ನ ಮೇಲೆ ನಂಬಿಕೆ ಇಲ್ವಾ?' ಅಂದ. ಆ ಒಂದು ಪ್ರಶ್ನೆಗೆ ಮುಜುಗರಪಟ್ಟು ಅಡ್ವಾನ್ಸ್ ಕಳಿಸಿಬಿಟ್ಟರು. ಅವರನ್ನು ಕೆಡವಿದ್ದು ದಾಕ್ಷಿಣ್ಯ.

ಹಾಗಾದರೆ ಗುರುತಿಲ್ಲದವನನ್ನು ಅನುಮಾನಿಸುವುದು ಒಂದು ಬಗೆಯ ಅವಮಾನವೇ? ಒಳ್ಳೆಯವನಾಗಿರೋದು ಅಂದ್ರೆ ನಂಬಿಬಿಡೋದಾ?

ನಮ್ಮ ಹಳ್ಳಿಗಳ ಕಡೆಯ ದನದ ಜಾತ್ರೆ ನೆನೆಸಿಕೊಳ್ಳಿ. ಎತ್ತು ಕೊಳ್ಳುವವನು ಮೊದಲು ಅದರ ಬಾಯಿ ಬಿಡಿಸಿ ಹಲ್ಲು ನೋಡ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಅಂತ. ಸುಳಿ ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸ್ತಾನೆ. ಮಾರುವವನು ಬೇಜಾರು ಮಾಡ್ಕೊಳ್ಳಲ್ಲ. ಬದಲಿಗೆ ಹಲ್ಲು ನೋಡದೆ ದುಡ್ಡು ಎಣಿಸುವವನನ್ನು ಕಂಡರೆ ಅವನಿಗೇ ನಗು ಬರುತ್ತೆ. ಆಮೇಲೆ ದಲ್ಲಾಳಿ ಟವೆಲ್ಲಿನ ಅಡಿಯಲ್ಲಿ ಕೈ ಹಿಡಿದು ಬೆರಳಲ್ಲೇ ವ್ಯಾಪಾರ ಕುದುರಿಸ್ತಾನೆ. ಅಲ್ಲಿ ಬೆಲೆ ಗುಟ್ಟು, ಎತ್ತು ಬಯಲಲ್ಲಿ. ಆನ್‌ಲೈನ್ ಹರಾಜು ಇದರ ತಿರುವುಮುರುವು. ಬೆಲೆ ಊರಿಗೆಲ್ಲ ಕಾಣುತ್ತೆ, ವಸ್ತು ಮಾತ್ರ ಟವೆಲ್ಲಿನ ಅಡಿಯಲ್ಲಿರುತ್ತೆ.

ಈ ತೊಡಕು ಹರಾಜಿನ ತಾಣಗಳನ್ನು ಕಟ್ಟಿದವರಿಗೂ ಬೇಗನೇ ಅರ್ಥವಾಯಿತು. 1995ರಲ್ಲಿ ಅಮೆರಿಕದಲ್ಲಿ ಇಬೇ ಶುರುಮಾಡಿದ ಪಿಯರ್ ಒಮಿಡ್ಯಾರ್, ಜನ ಮೂಲತಃ ಒಳ್ಳೆಯವರು ಅಂತ ನಂಬಿದವರು. ಆದರೂ ಮರುವರ್ಷವೇ, ಕೊಂಡವರು ಮತ್ತು ಮಾರಿದವರು ಒಬ್ಬರ ಬಗ್ಗೆ ಒಬ್ಬರು ಅಭಿಪ್ರಾಯ ಬರೆಯುವ ಫೀಡ್‌ಬ್ಯಾಕ್ ವ್ಯವಸ್ಥೆ ತಂದರು. ಅಲ್ಲಿಗೂ ಮುಲಾಜು ನುಗ್ಗಿತು ನೋಡಿ. ನಾನು ಕೆಟ್ಟದಾಗಿ ಬರೆದರೆ ಅವನೂ ನನ್ನ ಬಗ್ಗೆ ಸೇಡಿಗೆ ಬರೀತಾನೆ ಅಂತ ಎಷ್ಟೋ ಜನ ಬಾಯಿ ಮುಚ್ಚಿಕೊಂಡರು. ಕೊನೆಗೆ 2008ರಲ್ಲಿ, ಮಾರುವವರು ಕೊಳ್ಳುವವರಿಗೆ ನೆಗೆಟಿವ್ ಕೊಡುವುದನ್ನೇ ಇಬೇ ನಿಲ್ಲಿಸಿತು. ಮನುಷ್ಯರ ಒಳ್ಳೆಯತನವನ್ನು ನಂಬುವುದಕ್ಕೂ ತಪಾಸಣೆ ಇಡುವುದಕ್ಕೂ ವಿರೋಧವಿಲ್ಲ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಹಾಗಂತ ಬರೀ ಸ್ಟಾರ್ ಎಣಿಸಿದರೆ ಸಾಲದು. ನೂರು ರೂಪಾಯಿಯ ಮೊಬೈಲ್ ಕವರ್ ಐವತ್ತು ಮಾರಿ ಒಳ್ಳೆ ಹೆಸರು ಗಳಿಸಿ, ಐವತ್ತೊಂದನೆಯದಾಗಿ ಲ್ಯಾಪ್‌ಟಾಪ್ ಹಾಕಿ ಮಾಯವಾಗುವವರಿದ್ದಾರೆ. ಆದ್ದರಿಂದ ಸ್ಟಾರ್ ಎಷ್ಟು ಅನ್ನೋದಕ್ಕಿಂತ, ಏನು ಮಾರಿ ಬಂದದ್ದು ಅಂತ ನೋಡಬೇಕು. ತಮ್ಮದೇ ಇನ್ನೊಂದು ಅಕೌಂಟಿನಿಂದ ಬಿಡ್ ಹಾಕಿ ಬೆಲೆ ಏರಿಸುವವರಿದ್ದಾರೆ. ಅದಕ್ಕೆ ಮದ್ದು, ಹರಾಜಿಗೆ ಇಳಿಯೋ ಮುಂಚೆಯೇ ನಿಮ್ಮ ಗರಿಷ್ಠ ಬೆಲೆ ಬರೆದಿಟ್ಟು ಅದನ್ನು ದಾಟದಿರುವುದು. 'ಸೈಟಿಗೆ ಕಮಿಷನ್ ಯಾಕೆ ಸಾರ್, ನೇರ ನನಗೇ ಹಾಕಿ' ಅಂದರೆ ಅಲ್ಲಿಗೆ ಮಾತು ಮುಗಿಸಿ. ವಸ್ತು ಕೈಸೇರುವ ತನಕ ದುಡ್ಡನ್ನು ನಡುವೆ ಹಿಡಿದಿಡುವ ವ್ಯವಸ್ಥೆ ಏನಾದರೂ ಇದ್ದರೆ ಅದು ಸೈಟಿನ ಒಳಗಿರುತ್ತೆ, ಹೊರಗಲ್ಲ. ನೀವೇ ಹಳೇ ಸೋಫಾ ಮಾರ್ತಿದ್ದು, ಕೊಳ್ಳುವವನು 'ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ' ಅಂದರೆ ಒಂದು ವಿಷಯ ನೆನಪಿರಲಿ. ಯುಪಿಐನಲ್ಲಿ ದುಡ್ಡು ಪಡೆಯೋಕೆ ಪಿನ್ ಬೇಕಿಲ್ಲ. ಪಿನ್ ಕೇಳ್ತು ಅಂದ್ರೆ ದುಡ್ಡು ನಿಮ್ಮಿಂದ ಹೋಗ್ತಿದೆ.

ಇಷ್ಟೆಲ್ಲ ಕೇಳಿದರೆ ಪ್ರಾಮಾಣಿಕನಿಗೆ ನೋವಾಗಲ್ವಾ? ಇಲ್ಲೇ ನನ್ನ ವಾದ ಇರೋದು. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೇ ಕಾರುಗಳ ಮಾರುಕಟ್ಟೆಯ ಉದಾಹರಣೆ ಇಟ್ಟುಕೊಂಡು ಒಂದು ಲೇಖನ ಬರೆದರು. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಹೇಳಿದ್ದು ಸರಳ. ಒಳ್ಳೆ ಕಾರು ಯಾವುದು, ಡಬ್ಬಾ ಕಾರು ಯಾವುದು ಅಂತ ಕೊಳ್ಳುವವನಿಗೆ ತಿಳಿಯದೇ ಹೋದರೆ ಅವನು ಎಲ್ಲದಕ್ಕೂ ಕಡಿಮೆ ಬೆಲೆಯನ್ನೇ ಕೇಳ್ತಾನೆ. ಆ ಬೆಲೆಗೆ ಗಿಟ್ಟಲ್ಲ ಅಂತ ಒಳ್ಳೆ ಕಾರಿನವನು ಸಂತೆಯಿಂದ ಎದ್ದು ಹೋಗ್ತಾನೆ. ಉಳಿಯೋದು ಡಬ್ಬಾ ಕಾರುಗಳು ಮಾತ್ರ. ಅಂದರೆ ನಾವು ಪರೀಕ್ಷಿಸದೆ ಕೊಂಡಾಗ ಕಳ್ಳನಿಗೆ ಲಾಭ, ಪ್ರಾಮಾಣಿಕನಿಗೆ ನಷ್ಟ. ಪರೀಕ್ಷೆ ಇದ್ದರೆ ತಾನೇ ಪ್ರಾಮಾಣಿಕ ತನ್ನ ಪ್ರಾಮಾಣಿಕತೆ ತೋರಿಸಲು ಸಾಧ್ಯ? ನಮ್ಮ ಆಫೀಸುಗಳಲ್ಲಿ ದಿನಾ ಕೋಡ್ ರಿವ್ಯೂ ಮಾಡ್ತೀವಿ. 'ನನ್ನ ಮೇಲೆ ನಂಬಿಕೆ ಇಲ್ವಾ' ಅಂತ ಅಲ್ಲಿ ಯಾರೂ ಮುನಿಸಿಕೊಳ್ಳಲ್ಲ. ಒಂದು ವೇಳೆ ಮುನಿಸಿಕೊಂಡರೆ, ಅವರ ಕೋಡನ್ನೇ ಇನ್ನೊಂದು ಸಲ ಓದಬೇಕು ಅನ್ಸುತ್ತೆ.

ಹಾಗಂತ ಎಲ್ಲ ಹೊರೆಯನ್ನೂ ಕೊಳ್ಳುವವನ ತಲೆಗೇ ಕಟ್ಟಬಾರದು. 'ನೀನು ಹುಷಾರಾಗಿರಬೇಕಿತ್ತು' ಅನ್ನೋದು ಬುದ್ಧಿಮಾತಿನಂತೆ ಕೇಳಿಸಿದರೂ, ಅದು ತಪ್ಪನ್ನು ಕಳ್ಳನಿಂದ ಎತ್ತಿ ಕಳ್ಕೊಂಡವನ ಮೇಲೆ ಇಡುತ್ತೆ. ಹುಷಾರಾಗಿರೋದು ಜಾಣತನ, ನಿಜ. ಜಾಣತನ ಸಾಲದೇ ಹೋಗಿದ್ದು ಅಪರಾಧವಲ್ಲ. ಮೋಸ ಮಾಡಿದ್ದು ಅಪರಾಧ. ನಾವು ಈ ಎರಡನ್ನೂ ಕಲಸಿದಾಗ ಏನಾಗುತ್ತೆ ಅಂದ್ರೆ, ದುಡ್ಡು ಕಳ್ಕೊಂಡವರು ನಾಚಿಕೆಯಿಂದ ಮನೆಯಲ್ಲೂ ಹೇಳಲ್ಲ, 1930ಕ್ಕೂ ಫೋನ್ ಮಾಡಲ್ಲ. ಕಳ್ಳ ಒಂದು ಅಕೌಂಟಿನಿಂದ ಇನ್ನೊಂದಕ್ಕೆ ದುಡ್ಡು ದಾಟಿಸೋ ಮೊದಲು ದೂರು ಹೋದರೆ ಮಾತ್ರ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು. ನಮ್ಮ 'ದುರಾಸೆ ಕಣಪ್ಪಾ' ಅನ್ನೋ ಒಂದು ಮಾತು ಕಳ್ಳನಿಗೆ ಅಷ್ಟು ಹೊತ್ತು ಸಂಪಾದಿಸಿಕೊಡುತ್ತೆ.

ಆದ್ದರಿಂದ, ಕೊಳ್ಳುವಾಗ ಹಲ್ಲು ನೋಡಿ, ನಿಸ್ಸಂಕೋಚವಾಗಿ. ನೀವು ಮಾರುವಾಗ ಯಾರಾದರೂ ಹತ್ತು ಪ್ರಶ್ನೆ ಕೇಳಿದರೆ, ಇನ್ನೊಂದು ಫೋಟೋ ಬೇಕು, ಬಿಲ್ ಬೇಕು, ವಿಡಿಯೋ ಕಾಲಲ್ಲಿ ಆನ್ ಮಾಡಿ ತೋರಿಸಿ ಅಂದರೆ, ಮುಖ ಸಿಂಡರಿಸದೆ ತೋರಿಸಿ. ಅವರಿಗೆ ನಿಮ್ಮ ಗುರುತಿಲ್ಲ, ಅಷ್ಟೇ.